ಎದುರಾಳಿ ಇಲ್ಲದೆ ಬಾಯಿ ಬಿಡದ ಅಣ್ಣ

ಅಣ್ಣ ತೀರಿಕೊಂಡು ಎರಡು ತಿಂಗಳಾಯಿತು. ಅವನನ್ನು ನೆನೆದರೆ ಈಗಲೂ ಮೊದಲು ಸಿಟ್ಟು ಬರುತ್ತದೆ, ಅಳು ಆಮೇಲೆ.

ಅರವತ್ತರ ದಶಕದ ಮೊದಲ ವರ್ಷಗಳು. ಬಂಟ್ವಾಳದ ಸಹಕಾರಿ ಸಂಘವೊಂದರಲ್ಲಿ ಅವನು ಹಂಗಾಮಿ ಕಾರ್ಯದರ್ಶಿ. ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರ ಮುಂದೆ ನಿಂತು ವರದಿ ಒಪ್ಪಿಸಬೇಕು. ಹಿಂದಿನ ವರ್ಷ ಸ್ವಲ್ಪ ಓದಿ, ಬೆವರಿ, ಕಾಗದವನ್ನು ಅಧ್ಯಕ್ಷರ ಕೈಗೆ ಕೊಟ್ಟು ಕುಳಿತುಬಿಟ್ಟಿದ್ದ. ಈ ಸಲವೂ ಹಾಗಾದರೆ ಬೇರೆಯವರನ್ನು ನೋಡುತ್ತೇವೆ ಎಂದು ಅಧ್ಯಕ್ಷರು ಹೇಳಿದ್ದರು.

ಇದೇ ಅಣ್ಣ ಯಕ್ಷಗಾನದ ತಾಳಮದ್ದಳೆಯಲ್ಲಿ ಪಾತ್ರ ವಹಿಸಿ ಅರ್ಥ ಹೇಳುತ್ತಿದ್ದ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಬರೀ ಮಾತು. ಮೂಡುಬಿದಿರೆಯಿಂದ, ಬೆಳ್ತಂಗಡಿಯಿಂದ ಹೇಳಿಕಳಿಸಿ ಕರೆಸುತ್ತಿದ್ದರು. ಎದುರು ಪಾತ್ರದಲ್ಲಿ ಕೂತವನು ಎಂಥ ಮಾತುಗಾರನಾದರೂ ಕಾಗದದ ಚೂರೂ ಇಲ್ಲದೆ ಕಟ್ಟಿಹಾಕುತ್ತಿದ್ದ. ಅಂಥವನಿಗೆ ಗೊಬ್ಬರ, ಸೀಮೆಎಣ್ಣೆಯ ವರದಿ ಓದಲು ಆಗುವುದಿಲ್ಲವೆಂದರೆ?

ಒಂದು ತಿಂಗಳು ಮನೆಯಲ್ಲಿ ಅವನ ಅಭ್ಯಾಸ ನಡೆಯಿತು. ಜಗಲಿಯಲ್ಲಿ ನಿಲ್ಲಿಸಿದರೆ ನಮಗೆ ಬೆನ್ನು ತಿರುಗಿಸುತ್ತಿದ್ದ. ಗಟ್ಟಿಯಾಗಿ ಓದು ಎಂದರೆ ಇನ್ನೂ ಮೆಲ್ಲಗೆ ಓದುತ್ತಿದ್ದ. ರಾಜನ ಪಾತ್ರವೆಂದು ತಿಳಿದುಕೋ ಎಂದರೆ, ರಾಜ ಯಾರಿಗಾದರೂ ವರದಿ ಒಪ್ಪಿಸುತ್ತಾನಾ ಎಂದು ನನ್ನ ಬಾಯಿ ಮುಚ್ಚಿಸಿದ. ಅಕ್ಕಿ ಆರಿಸುತ್ತಿದ್ದ ಅತ್ತಿಗೆ ಕೊನೆಗೆ, "ನನಗೇ ಬಾಯಿಪಾಠ ಆಯ್ತು, ನಾನೇ ಹೋಗಿ ಹೇಳಿ ಬರ್ತೇನೆ" ಎಂದರು.

ಸಭೆಯ ದಿನ ಎದ್ದು ನಿಂತ. ಮೊದಲ ಸಾಲು ಓದಿದ, ಮತ್ತೆ ಅದನ್ನೇ ಓದಿದ. ಅಧ್ಯಕ್ಷರು ಕಾಗದಕ್ಕೆ ಕೈಚಾಚಿದರು. ನಾನೂ ಸಂಘದ ಸದಸ್ಯ, ಹಿಂದಿನ ಬೆಂಚಿನಲ್ಲಿದ್ದೆ. ತಿಂಗಳಿನ ಸಿಟ್ಟೆಲ್ಲ ಒಮ್ಮೆಲೇ ಏರಿತು. ಉಪಾಯ ಗಿಪಾಯ ಏನೂ ಇರಲಿಲ್ಲ, ಎದ್ದು ಕೇಳಿಯೇಬಿಟ್ಟೆ: "ನಾಟಿ ಮುಗಿದ ಮೇಲೆ ಗೊಬ್ಬರ ಬಂತಲ್ಲ, ಕಾರ್ಯದರ್ಶಿಗಳು ಅಷ್ಟು ದಿನ ಮಲಗಿದ್ರಾ?"

ಅಣ್ಣ ತಲೆಯೆತ್ತಿದ. ಕಾಗದ ಮಡಚಿ ಕಿಸೆಗೆ ಹಾಕಿದ.

"ಮಲಗಿದವರು ಯಾರು ಅಂತ ಹೇಳ್ತೇನೆ, ಕೂತ್ಕೊಳ್ಳಿ."

ಸ್ವಂತ ತಮ್ಮನಿಗೆ ಬಹುವಚನ. ಬೇಡಿಕೆ ಮೊದಲೇ ಕೊಡಿ ಎಂದು ಮನೆಮನೆಗೆ ಹೇಳಿಕಳಿಸಿದಾಗ ಕೊಡದವರು ಯಾರು ಎಂಬಲ್ಲಿಂದ ಹಿಡಿದು, ಮಂಗಳೂರಿನ ಗೋದಾಮು, ಲಾರಿ, ಸಕ್ಕರೆ, ಸೀಮೆಎಣ್ಣೆ, ಇಡೀ ವರದಿ ನನಗೆ ಕೊಟ್ಟ ಉತ್ತರವಾಗಿ ಹೊರಬಂತು. ನಡುನಡುವೆ ನನಗೆ ಬೈಗುಳ. ಜನ ನಗುತ್ತಾ ಕೇಳಿದರು. ಕೆಲಸ ಖಾಯಂ ಆಯಿತು.

ಉಪಕಾರ ನೆನೆದನೇ? ಮನೆಗೆ ವಾಪಸಾಗುವಾಗ ಪಾಣೆಮಂಗಳೂರಿನ ಸೇತುವೆ ದಾಟುವವರೆಗೂ ನನ್ನ ಪ್ರಶ್ನೆ ಸಪ್ಪೆಯಾಯಿತೆಂದು ಗೊಣಗುತ್ತಾ ಬಂದ. "ಇನ್ನೂ ಸ್ವಲ್ಪ ಖಾರವಾಗಿ ಕೇಳ್ಬೇಕಿತ್ತು ಮಾರಾಯ. ನನ್ನ ಹತ್ತಿರ ಮಾತು ಉಳಿದುಹೋಯ್ತು."

ಅಲ್ಲಿಂದ ಪ್ರತಿ ಮಹಾಸಭೆಯಲ್ಲೂ ನಾನು ಎದ್ದು ಅವನನ್ನು ಕೆಣಕಬೇಕಾಯಿತು. ನನಗೆ ಸಾಕುಸಾಕಾಗಿತ್ತು. ಸದಸ್ಯರು ಅಣ್ಣತಮ್ಮಂದಿರಿಗೆ ಆಗುವುದಿಲ್ಲವೆಂದೇ ನಂಬಿದರು. ಅವನು ಅದನ್ನು ಒಮ್ಮೆಯೂ ಅಲ್ಲಗಳೆಯಲಿಲ್ಲ.

ಅವನು ತೀರಿಕೊಂಡ ವಾರ ಮನೆಗೆ ಬಂದ ಹಳೆಯ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದು, ಕೊನೆಗಾದರೂ ರಾಜಿಯಾಗಿದ್ದಿರಾ ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ. ವಿವರಿಸುವಷ್ಟು ಮಾತು ಆ ದಿನ ನನ್ನಲ್ಲಿ ಇರಲಿಲ್ಲ.