ಪ್ಲೇಟಿನಲ್ಲಿ ಕಾಣದ ನೋವು

ಎಕ್ಸರೇ ಫಿಲ್ಮ್ ತೊಳೆಯುವ ಡಾರ್ಕ್‌ರೂಮಿನ ನೆಲ ಯಾವಾಗಲೂ ಒದ್ದೆ. ಹದಿನೆಂಟು ವರ್ಷ ಅದರ ಮೇಲೆ ಓಡಾಡಿದವನು ನಾನು. ಅವತ್ತು ಜಾರಿ ಬಿದ್ದೆ.

ಬಲಗೈ ಊರಿದೆ. ಕಿರುಬೆರಳಿನ ಕಡೆ, ಮಣಿಕಟ್ಟಿನಲ್ಲಿ, ಏನೋ ಚಟ್ ಎಂದಿತು.

ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಎಕ್ಸರೇ ತೆಗೆಯುವುದು ನನ್ನ ಕೆಲಸ. ಹಾಗಾಗಿ ನನ್ನ ಕೈಯ ಪ್ಲೇಟನ್ನು ನಾನೇ ತೆಗೆದುಕೊಂಡೆ. ಎಡಗೈಯಲ್ಲಿ ಸ್ವಿಚ್ ಒತ್ತಿ, ಎಡಗೈಯಲ್ಲೇ ಫಿಲ್ಮ್ ತೊಳೆದು, ಬೆಳಕಿಗೆ ಹಿಡಿದು ನೋಡಿದೆ. ಮಣಿಕಟ್ಟಿನ ಎಂಟೂ ಪುಟ್ಟ ಎಲುಬುಗಳು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಎಲ್ಲೂ ಬಿರುಕಿಲ್ಲ. ಖುಷಿಯಾಯಿತು. ನಮ್ಮ ಎಲುಬಿನ ಡಾಕ್ಟರೂ ನೋಡಿ "ನಾರ್ಮಲ್" ಎಂದು ಬರೆದರು.

ಆ ಒಂದು ಪದದೊಳಗೆ ಒಂಬತ್ತು ತಿಂಗಳು ಸಿಕ್ಕಿಬಿದ್ದೆ.

ಮನೆಯ ಬೀಗ ತಿರುಗಿಸಲಾಗಲಿಲ್ಲ. ಟವೆಲ್ ಹಿಂಡಲಾಗಲಿಲ್ಲ. ಸ್ನಾನಕ್ಕೆ ಕೂತರೆ ತಂಬಿಗೆ ತಲೆಗೆ ಬರುವ ಮೊದಲೇ ಕೈ ಸೋತು ನೀರೆಲ್ಲ ತೊಡೆಯ ಮೇಲೆ. ಫಿಲ್ಮ್ ತುಂಬುವ ಭಾರದ ಕ್ಯಾಸೆಟ್ಟನ್ನು ದಿನವಿಡೀ ಎತ್ತಿ ಇಳಿಸುವುದು ನನ್ನ ಕೆಲಸ. ಎತ್ತಿದಾಗಲೆಲ್ಲ ಒಳಗೆ ಏನೋ ಸಿಕ್ಕಿಕೊಂಡು ಕಿತ್ತ ಹಾಗಾಗುತ್ತಿತ್ತು. ಮೂರು ವಾರ ಪ್ಲಾಸ್ಟರ್ ಹಾಕಿ ಬಿಚ್ಚಿದ ಮೇಲೂ ಅದೇ ಪಾಡು. ಹಗುರ ಕೆಲಸ ಕೊಡಿ ಎಂದು ಕೇಳಲು ಹೋದರೆ ಡಾಕ್ಟರು ನನ್ನದೇ ಪ್ಲೇಟನ್ನು ನನ್ನ ಮುಂದೆ ಹಿಡಿದರು.

"ನೀನ ನೋಡಪ್ಪ. ಎಲ್ಲೈತಿ ತೋರ್ಸು."

ತೋರಿಸಲು ಏನೂ ಇರಲಿಲ್ಲ. ಕೆಲಸಗಳ್ಳನ ಹಾಗೆ ತಲೆ ತಗ್ಗಿಸಿ ಹೊರಗೆ ಬಂದೆ.

ಮನೆಯಲ್ಲಿ ಹೆಂಡತಿ ಗಿರಿಜಾ ನನ್ನ ತಟ್ಟೆಯ ರೊಟ್ಟಿ ಮುರಿದು ಕೊಡುತ್ತಾ ಅಂದಳು: "ಊರ ಮಂದಿಗೆಲ್ಲ ಏನೂ ಇಲ್ಲ ಅಂತ ಹೇಳಿ ಕಳಸ್ತಿದ್ರಿ. ಈಗ ನಿಮಗ ಹೇಳಾಕತ್ತಾರ, ತಗೋರಿ." ತಮಾಷೆಗೆ ಅಂದದ್ದು. ನನಗೆ ನಗು ಬರಲಿಲ್ಲ. ಹುಲಿಗೆಮ್ಮ ನೆನಪಾದಳು.

ಕಂಪ್ಲಿ ಕಡೆಯ ಹುಡುಗಿ. ನಾನು ಬೀಳುವ ಕೆಲವು ತಿಂಗಳ ಹಿಂದೆ, ಸಸಿಯ ಕಟ್ಟು ಹೊತ್ತು ಕಾಲುವೆ ಏರಿಯ ಮೇಲೆ ಜಾರಿ ಕೈ ಊರಿ ಬಿದ್ದು, ಅತ್ತೆಯ ಜೊತೆ ಆಸ್ಪತ್ರೆಗೆ ಬಂದಿದ್ದಳು. ರಿಪೋರ್ಟ್ ಬರೆಯುವುದು ಡಾಕ್ಟರ ಕೆಲಸ. ಆದರೆ ಪ್ಲೇಟು ಕೈಗೆ ಕೊಡುವಾಗ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಏನೂ ಇಲ್ಲ ಬಿಡವ್ವ, ಎಲುಬು ಗಟ್ಟಿ ಐತಿ" ಎಂದಿದ್ದೆ. ಅತ್ತೆ ಸೊಸೆಯತ್ತ ತಿರುಗಿ, "ಕೇಳಿದೇನು? ನಾಳಿಂದ ನಾಟಿಗೆ ನಡಿ" ಎಂದಳು. ಹುಡುಗಿ ಕೈಯನ್ನು ಸೆರಗಿನೊಳಗೆ ಹಿಡಿದುಕೊಂಡು ಹೊರಟುಹೋದಳು.

ನನ್ನ ಕಾಟ ತಾಳದೆ ನಮ್ಮ ಡಾಕ್ಟರು ಬಳ್ಳಾರಿಗೆ ಆರ್ಥ್ರೋಗ್ರಾಮ್‌ಗೆ ಬರೆದುಕೊಟ್ಟರು. ಕೀಲಿನೊಳಗೆ ಸೂಜಿಯಿಂದ ಡೈ ಬಿಟ್ಟು, ಅದು ಎಲ್ಲಿಗೆ ಹರಿಯುತ್ತದೆಂದು ಪರದೆಯ ಮೇಲೆ ನೋಡುವ ಪರೀಕ್ಷೆ. ಒಂದು ಕೀಲಿನಲ್ಲಿ ನಿಲ್ಲಬೇಕಾದ ಡೈ, ಬದು ಒಡೆದು ಪಕ್ಕದ ಗದ್ದೆಗೆ ನೀರು ಹೋದ ಹಾಗೆ, ಪಕ್ಕದ ಕೀಲಿಗೆ ಹೋಯಿತು. ಕೈಯೊಳಗೆ ತೂತಿದೆ ಎಂದು ತಿಳಿದು ಹಿಗ್ಗಿದವನು ನಾನೊಬ್ಬನೇ ಇರಬೇಕು. ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ.

"ವಯಸ್ಸಾದ ಮ್ಯಾಲ ನೋವಿಲ್ಲದೋರ ಕೈನೂ ಸೋರತೈತ್ರಿ. ನಿಮ್ಮ ನೋವಿಗೆ ಇದ ಕಾರಣ ಅಂತ ಹೆಂಗ ಹೇಳಲಿ?" ಎಂದರು ಅಲ್ಲಿಯ ಡಾಕ್ಟರು.

ಖಚಿತ ಮಾಡಿಕೊಳ್ಳಲು ಅಲ್ಲಿಂದ ಬೆಂಗಳೂರು. ಎಂ.ಆರ್.ಐ. ಯಂತ್ರವನ್ನು ನಾನು ನೋಡಿದ್ದೇ ಆಗ. ಬೋರಲು ಮಲಗಿಸಿ, ಬಲಗೈಯನ್ನು ತಲೆಯ ಮುಂದೆ ಚಾಚಿಸಿ, ಕೊಳವೆಯೊಳಗೆ ತಳ್ಳಿದರು. ಢಬಢಬ ಸದ್ದು. ನನ್ನ ಉಸಿರು ನನ್ನ ಮುಖಕ್ಕೇ ಬಡಿಯುತ್ತಿತ್ತು. ಅಲುಗಾಡಬೇಡಿ ಎಂದು ಹದಿನೆಂಟು ವರ್ಷ ಜನರಿಗೆ ಗದರಿದವನು, ಅಲುಗಾಡದೆ ಮಲಗುವುದು ಎಷ್ಟು ಕಷ್ಟವೆಂದು ಅವತ್ತು ತಿಳಿದುಕೊಂಡೆ. ಅಳು ಬಂತು. ಒರೆಸಿಕೊಳ್ಳುವಂತಿರಲಿಲ್ಲ.

ರಿಪೋರ್ಟಿನಲ್ಲಿ ಬರೆದದ್ದು: ಕೀಲಿನೊಳಗಿನ ಮೆತ್ತೆ ಹರಿದಿರಬಹುದು.

ಬರೀ ಇರಬಹುದು. ಅಷ್ಟು ಸಣ್ಣ ಜಾಗ ಈ ಯಂತ್ರಕ್ಕೂ ಸ್ಪಷ್ಟವಾಗಿ ಸಿಗುವುದಿಲ್ಲ ಎಂದರು. ಕೊನೆಗೆ ಉಳಿದದ್ದು ಆರ್ಥ್ರೋಸ್ಕೋಪಿ. ಸಣ್ಣ ತೂತು ಕೊರೆದು ಕ್ಯಾಮೆರಾ ಇಳಿಸಿ, ಕಣ್ಣಾರೆ ನೋಡುವುದು. ನೋಡಿದರೆ, ಎಲುಬುಗಳನ್ನು ಕಟ್ಟಿ ಹಿಡಿಯುವ ಲಿಗಮೆಂಟುಗಳು ನೆಟ್ಟಗಿದ್ದವು. ಎಲುಬುಗಳ ನಡುವಿನ ಮೆತ್ತೆಯಂಥ ಕಾರ್ಟಿಲೇಜ್ ಅಂಚಿನಲ್ಲಿ ಹರಿದು, ಕೈ ತಿರುಗಿಸಿದಾಗಲೆಲ್ಲ ಮಡಚಿ ಸಿಕ್ಕಿಕೊಳ್ಳುತ್ತಿತ್ತು. ಹರಿದ ಚೂರನ್ನು ಕತ್ತರಿಸಿ ತೆಗೆದರು. "ನೂರು ಎಕ್ಸರೇ ತೆಗೆದರೂ ಇದು ಕಾಣಿಸ್ತಿರಲಿಲ್ಲ" ಎಂದರು ಸರ್ಜನ್. ಎಕ್ಸರೇಗೆ ಎಲುಬಷ್ಟೇ ಕಾಣುವುದೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಜನರಿಗೆ ಏನೂ ಇಲ್ಲ ಎನ್ನುತ್ತಿದ್ದೆನಲ್ಲ, ಅದಕ್ಕೆ ನಾಚಿಕೆಯಾಯಿತು.

ಕೆಲಸಕ್ಕೆ ಮರಳಿದ ವಾರವೇ ರಿಜಿಸ್ಟರಿನಲ್ಲಿ ವಿಳಾಸ ಹುಡುಕಿ, ಮತ್ತೆ ಬರುವಂತೆ ಹುಲಿಗೆಮ್ಮನಿಗೆ ಕಾರ್ಡು ಹಾಕಿದೆ. ಅತ್ತೆಯ ಜೊತೆಯೇ ಬಂದಳು. ಕೈ ಸೆರಗಿನೊಳಗೇ ಇತ್ತು. ಹೊಸ ಪ್ಲೇಟೂ ಶುಭ್ರವಾಗಿ ಬಂತು.

"ಈಗೂ ಏನೂ ಇಲ್ಲಲ್ರಿ?" ಎಂದಳು ಅತ್ತೆ.

"ಪ್ಲೇಟಿನ್ಯಾಗ ಕಾಣಂಗಿಲ್ಲವ್ವ. ಕೈಯಾಗ ಐತಿ. ನನಗೂ ಹಿಂಗ ಆಗಿತ್ತು." ನನ್ನ ಮಣಿಕಟ್ಟಿನ ಗಾಯದ ಗುರುತು ತೋರಿಸಿದೆ. "ಡಾಕ್ಟರ್ ಕೈ ತಿರುಗಿಸಿ ನೋಡ್ಲಿ. ನಾನೂ ಒಳಗ ಬರ್ತೀನಿ."

ಹುಲಿಗೆಮ್ಮ ಮೊದಲ ಸಲ ಬಾಯಿ ತೆರೆದಳು. "ಅದನ್ನ ಬರದು ಕೊಡ್ರಿ."

ಬರೆಯುವ ಅಧಿಕಾರ ನನಗಿಲ್ಲ. ಆದರೂ ಪ್ಲೇಟಿನ ಕವರಿನ ಮೇಲೆ, ಇನ್ನೂ ಪೂರ್ತಿ ತಿರುಗದ ಬಲಗೈಯಲ್ಲಿ, ನಿಧಾನವಾಗಿ ಬರೆದೆ. ಅವಳು ಅಕ್ಷರಗಳನ್ನು ನೋಡಿ ಕವರನ್ನು ನನಗೇ ಹಿಂತಿರುಗಿಸಿದಳು.

"ನಮ್ಮತ್ತೆಗೆ ಕೇಳೂವಂಗ ಓದ್ರಿ."

ಓದಿದೆ. "ಪ್ಲೇಟಿನಲ್ಲಿ ಕಾಣುವುದಿಲ್ಲ. ನೋವು ಇದೆ."