ನೊಗದ ಬಳೆಗೆ ಕಟ್ಟಿದ ಬೆಲ್ಟು

ಗರುಡಾಚಾರ್‌ಪಾಳ್ಯದಲ್ಲಿ ಸುಕನ್ಯಳ ಮನೆ ಯಾವುದೆಂದು ಕೇಳಿದರೆ, "ಆ ಪುಕ್ಕಲಿ ಮನೇನಾ?" ಎಂದು ನಗುತ್ತಲೇ ಕೈ ತೋರಿಸುತ್ತಾರೆ. ನಲವತ್ತು ದಾಟಿದ ಹೆಂಗಸು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಬರುತ್ತಾಳೆ. ಒಬ್ಬಳೇ ಲಿಫ್ಟು ಹತ್ತುವುದಿಲ್ಲ. ಆದರೆ ದೊಡ್ಡ ಮಳೆ ಬಿದ್ದ ಸಂಜೆ, ಟೆಕ್ ಪಾರ್ಕಿನ ಹಿಂದಿನ ರಸ್ತೆಯಲ್ಲಿ ಮುಳುಗಿದ ಕಾರುಗಳನ್ನು ಎಳೆದು ದಡ ಸೇರಿಸುವ ಜೀಪಿನ ಸ್ಟಿಯರಿಂಗ್ ಹಿಡಿದು ಕೂರುವವಳೂ ಇವಳೇ. ನಗುವವರಿಗೆ ಅದು ನೆನಪಾಗುವುದಿಲ್ಲ.

ಆ ರಸ್ತೆ ಇರುವುದು ಕೆರೆಯ ಕೋಡಿ ಹರಿಯುತ್ತಿದ್ದ ಜಾಗದಲ್ಲಿ. ಸುಕನ್ಯಳ ಮಾವ ಮುನಿಆಂಜನಪ್ಪನವರು ಅಲ್ಲಿ ಎತ್ತುಗಳ ಮೈ ತೊಳೆದವರು. ಕೋಡಿಯನ್ನು ಮುಚ್ಚಿ ಡಾಂಬರು ಹಾಕಿದವರು ಇವತ್ತು ಎತ್ತರದ ಬಡಾವಣೆಗಳಲ್ಲಿ ಬೆಚ್ಚಗಿದ್ದಾರೆ. ನೀರು ಮಾತ್ರ ಪ್ರತಿವರ್ಷ ತನ್ನ ಹಳೆಯ ವಿಳಾಸಕ್ಕೇ ಬರುತ್ತದೆ, ಅಲ್ಲಿ ಸಿಕ್ಕಿದವರ ಎದೆ ನಡುಗಿಸುತ್ತದೆ.

ಜೀಪು ಗಂಡ ಶ್ರೀನಾಥನದು. ಬಾಡಿಗೆ ಮನೆಗಳನ್ನು ನೋಡಿಕೊಂಡಿರುವ ಅವನಿಗೆ ಭಾನುವಾರ ಗೆಳೆಯರ ಜೊತೆ ಹೊಸಕೋಟೆಯ ಆಚೆ ಕಲ್ಲು, ಕೆಸರು, ಹಳ್ಳಗಳಲ್ಲಿ ಜೀಪು ಹತ್ತಿಸಿ ಇಳಿಸುವ ಹುಚ್ಚು. ಕ್ಲಚ್ ಬಿಟ್ಟರೆ ಜೀಪು ಕುಪ್ಪಳಿಸಲೇಬೇಕು ಅವನಿಗೆ. ಮುಳುಗಿದ ಕಾರನ್ನು ಹಾಗೆ ಎಳೆಯಲಾಗುವುದಿಲ್ಲ, ನಿಧಾನ ಬೇಕು. ಹಾಗಾಗಿ ಅವನು ನೀರಿಗಿಳಿದು ಕಾರಿಗೆ ಹಗ್ಗದಂಥ ಉದ್ದನೆಯ ಬೆಲ್ಟು ಕಟ್ಟುತ್ತಾನೆ, ಸುಕನ್ಯ ಜೀಪನ್ನು ರಿವರ್ಸ್‌ನಲ್ಲಿ ಎಳೆಯುತ್ತಾಳೆ.

ಜೀಪಿನ ಮುಂದಿನ ಬಂಪರಿನ ನಡುಮಧ್ಯೆ ಒಂದು ಕಬ್ಬಿಣದ ಬಳೆ ಇತ್ತು. ಮುನಿಆಂಜನಪ್ಪನವರ ತಂದೆಯ ಎತ್ತಿನ ಗಾಡಿಯ ನೊಗದ ಬಳೆ. ಜೀಪು ಮನೆಗೆ ಬಂದ ದಿನವೇ ಅದನ್ನು ಬೆಸುಗೆ ಹಾಕಿಸಿದ್ದರು. ಆಯುಧಪೂಜೆಯ ದಿನ ಜೀಪಿಗಿಂತ ಆ ಬಳೆಗೇ ಕುಂಕುಮ ಹೆಚ್ಚು. ಬೆಲ್ಟು ಕಟ್ಟುತ್ತಿದ್ದದ್ದೂ ಅದಕ್ಕೇ.

"ಜೋಡೆತ್ತು ಎಳೆದ ಕಬ್ಬಿಣ ಕಣಮ್ಮ ಇದು. ನಿಮ್ಮ ಕಂಪ್ನಿ ಬಂಪರ್ರು ಇದರ ಮುಂದೆ ಹಪ್ಪಳ" ಎನ್ನುತ್ತಿದ್ದರು ಮಾವ.

ಹೋದ ಮಳೆಗಾಲದ ಕೊನೆಯಲ್ಲಿ ಜೀಪು ತೊಳೆಯುವಾಗ ಆ ಬಳೆಯ ಬುಡದಲ್ಲಿ ಸುಕನ್ಯಳಿಗೊಂದು ಗೆರೆ ಕಂಡಿತು. ಕೂದಲೆಳೆಯಷ್ಟು ಸಣ್ಣದು. ಒರೆಸಿದರೆ ಬಟ್ಟೆಗೆ ತುಕ್ಕಿನ ನೀರು ಹತ್ತಿತು. ಗಂಡನನ್ನು ಕರೆದು ತೋರಿಸಿದಳು.

"ಪೇಂಟ್ ಬಿಟ್ಟಿದೆ ಅಷ್ಟೇ" ಎಂದ ಶ್ರೀನಾಥ. "ಕಿತ್ಕೊಂಡು ಬಂದ್ರೂ ನಿಂಗೇನೇ ಆಗತ್ತೆ? ನೀನು ಒಳಗೆ ಕೂತಿರ್ತೀಯ."

"ನಂಗೇನೂ ಆಗಲ್ಲ ರೀ. ಅದಕ್ಕೇ ಭಯ."

ಅವನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಎಳೆಯುವಾಗ ಬೆಲ್ಟು ರಬ್ಬರಿನಂತೆ ಹಿಗ್ಗುತ್ತದೆ. ಹಿಗ್ಗಿದ ಹೊತ್ತಿನಲ್ಲಿ ಬಳೆ ಕಿತ್ತುಬಂದರೆ ಅದು ಜೀಪಿನ ಕಡೆ ಬರುವುದಿಲ್ಲ, ಕವಣೆಯ ಕಲ್ಲಿನ ಹಾಗೆ ಕಾರಿನ ಕಡೆ ಹೋಗುತ್ತದೆ. ಅಲ್ಲಿರುವುದು ಗಾಜು. ಗಾಜಿನ ಹಿಂದೆ ಇರುವುದು ಮುಖ.

ಅಂದಿನಿಂದ ಅವಳಿಗೆ ನಿದ್ದೆ ಸರಿಹೋಗಲಿಲ್ಲ. ಮೋಡ ಕಟ್ಟಿದರೆ ಸಾಕು, ಬಾಯಿ ಒಣಗುತ್ತಿತ್ತು. ಬೀದಿಯವರು ನಕ್ಕರು. ತಮ್ಮ ತಲೆಗೆ ಹೆಲ್ಮೆಟ್ ಹಾಕಲೂ ಪೊಲೀಸರು ಬೇಕಾದ ಊರಿನಲ್ಲಿ, ಬೇರೆಯವರ ತಲೆಗಾಗಿ ಹೆದರುವವಳು ಪುಕ್ಕಲಿಯೇ ಆಗಬೇಕಲ್ಲ!

ಬೇಸಿಗೆಯಲ್ಲಿ ಒಬ್ಬಳೇ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದಳು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಗಾಡಿ ಸಾಮಾನಿನ ಅಂಗಡಿ, ಗಲ್ಲಾದಲ್ಲಿ ಮೆಹ್ವಿಶ್ ಎಂಬ ಹುಡುಗಿ. ಕೆಸರಲ್ಲಿ ಹೂತ ಗಾಡಿ ಎಳೆಯಲು ಬೆಲ್ಟು ಸಿಕ್ಕಿಸುವ ಕೊಂಡಿಗೆ ಅಲ್ಲಿ ರಿಕವರಿ ಪಾಯಿಂಟ್ ಎನ್ನುತ್ತಾರೆ.

"ಶೋಗೆ ಬೇಕಾ ಆಂಟಿ, ಎಳೆಯಕ್ಕೆ ಬೇಕಾ?" ಎಂದು ಕೇಳಿದಳು ಮೆಹ್ವಿಶ್.

"ಎರಡಕ್ಕೂ ಬೇರೆ ಬೇರೆ ಇದ್ಯಾ?"

"ಶೋದೇ ಜಾಸ್ತಿ ಹೋಗೋದು. ಕೆಂಪು, ಹಳದಿ, ನೀಲಿ. ಸಿಗ್ನಲ್‌ನಲ್ಲಿ ಏಕ್ದಂ ಮಸ್ತ್ ಕಾಣ್ಸತ್ತೆ."

"ಅದನ್ನ ಹಾಕ್ಕೊಂಡು ಯಾರಾದ್ರೂ ನಿಜವಾಗ್ಲೂ ಎಳೆದ್ರೆ?"

ಮೆಹ್ವಿಶ್ ಮೊಬೈಲ್ ಕೆಳಗಿಟ್ಟಳು. "ಬಿಲ್‌ನಲ್ಲಿ ಡೆಕೋರೇಷನ್ ಅಂತ ಬರೀತೀವಿ ಆಂಟಿ."

ಬಿಲ್ಲು ಓದಿಕೊಂಡು ಹಾರುವ ಕಬ್ಬಿಣ ಎಲ್ಲಾದರೂ ಇದೆಯೇ? ಈ ಊರಿನಲ್ಲಿ ಎಲ್ಲರ ಕೈಯಲ್ಲೂ ಇಂಥದೊಂದು ಚೀಟಿ ಇರುತ್ತದೆ. ರಸ್ತೆ ಮಾಡಿದವನ ಹತ್ತಿರ ಒಂದು, ಅಪಾರ್ಟ್‌ಮೆಂಟ್ ಕಟ್ಟಿದವನ ಹತ್ತಿರ ಒಂದು.

ಸುಕನ್ಯಳ ಮುಖ ನೋಡಿ ಹುಡುಗಿಗೆ ಏನನ್ನಿಸಿತೋ, ಒಳಗೆ ಹೋಗಿ ಬಣ್ಣವಿಲ್ಲದ ಎರಡು ದಪ್ಪ ಕೊಂಡಿಗಳನ್ನು ತಂದಳು. ಎಷ್ಟು ಭಾರ ತಡೆಯುತ್ತದೆಂದು ಕಬ್ಬಿಣದ ಮೇಲೇ ಅಚ್ಚೊತ್ತಿತ್ತು. ಕೆಸರು ಹಿಡಿದುಕೊಂಡರೆ ಗಾಡಿ ತನ್ನ ತೂಕದ ಎರಡು ಮೂರು ಪಟ್ಟು ಜಗ್ಗುತ್ತದೆ, ಅದಕ್ಕೆ ತಕ್ಕದ್ದು ಬೇಕು. ಒಂದಲ್ಲ, ಎರಡೂ ಬೇಕು, ಭಾರ ಹಂಚಿಹೋಗಲಿಕ್ಕೆ.

"ಬಂಪರ್‌ಗೆ ಹಾಕ್ಬೇಡಿ. ಕೆಳಗೆ ಚಾಸಿಗೆ ಬೋಲ್ಟ್ ಹೊಡೆಸಿ. ವೆಲ್ಡಿಂಗ್ ಮಾತ್ರ ಬೇಡಾಂದ್ರೆ ಬೇಡ" ಎಂದಳು ಮೆಹ್ವಿಶ್.

ಪಾಳ್ಯದ ಗ್ಯಾರೇಜಿನ ಅಂಬಣ್ಣ ಆ ಕೊಂಡಿಗಳನ್ನು ನೋಡಿದ್ದೇ ವೆಲ್ಡಿಂಗ್ ಕನ್ನಡಕ ಹುಡುಕಿದ. "ಅಕ್ಕಾ, ಎರಡು ಕಡೆ ವೆಲ್ಡ್ ಹೊಡೆದುಬಿಡ್ತೀನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ."

"ಆ ಬಳೆ ಹಾಕುವಾಗ್ಲೂ ಇದೇ ಮಾತು ಹೇಳಿದ್ಯಂತಲ್ಲಪ್ಪ."

"ಅದಿನ್ನೂ ಇದ್ಯಲ್ಲಕ್ಕ ಮತ್ತೆ!"

ನಕ್ಕ, ಆದರೆ ಅವಳು ಅಲ್ಲಿಂದ ಕದಲಲಿಲ್ಲ. ಜೀಪಿನ ಬೆನ್ನೆಲುಬಿನಂಥ ಚಾಸಿಗೆ ಎಡಬಲ ಎರಡೂ ಕೊಂಡಿಗಳನ್ನು, ಹಿಂದೆ ದಪ್ಪ ಪ್ಲೇಟು ಕೊಟ್ಟು, ಗಟ್ಟಿ ಬೋಲ್ಟು ಬಿಗಿಸುವ ತನಕ ಪಕ್ಕದಲ್ಲೇ ನಿಂತಳು. ಆಮೇಲೆ ಬಳೆಯನ್ನು ಕತ್ತರಿಸು ಎಂದಳು. ಅಂಬಣ್ಣ ಗ್ರೈಂಡರ್ ಎತ್ತಿಕೊಳ್ಳುವಷ್ಟರಲ್ಲಿ ಮುನಿಆಂಜನಪ್ಪನವರು ಬಂದು ಬಂಪರಿನ ಮುಂದೆ ನಿಂತರು.

"ನಮ್ಮಪ್ಪನ ಬಳೆ ಕೊಯ್ಯೋಕೆ ಮುಂಚೆ ನನ್ನ ಕೊಯ್ಯಲೇ ಅಂಬಣ್ಣ."

"ಬಳೆ ಗಟ್ಟೀನೇ ಮಾವ" ಎಂದಳು ಸುಕನ್ಯ. "ಆದ್ರೆ ನೀವೇ ಅಂದ್ರಲ್ಲ, ಅದು ಕೂತಿರೋದು ಹಪ್ಪಳದ ಮೇಲೆ."

ಮಾವ ಮುಖ ತಿರುಗಿಸಿದರು. ಅವರ ಹಿಂದೆಯೇ ಬಂದ ಶ್ರೀನಾಥ ರಾಜಿ ಮಾಡಿಸಿದ: "ಪೂಜೆಗೆ ಇರ್ಲಿ ಬಿಡೇ. ಹೊಸದು ಇರುವಾಗ ಅದಕ್ಕೆ ಯಾರು ಕಟ್ತಾರೆ?"

ಒಪ್ಪಿದಳು. ಒಪ್ಪಿದ ಮೇಲೆ ಭಯ ಇನ್ನೂ ಹೆಚ್ಚಾಯಿತು. ಕೆಟ್ಟ ಕೊಂಡಿ ಕಣ್ಣಿಗೆ ಕಾಣುವ ಹಾಗೆ ಮೇಲಿದೆ, ಒಳ್ಳೆಯದು ಕಾಣದ ಹಾಗೆ ಕೆಳಗಿದೆ. ಬಳೆಯೊಳಗೆ ಯಾರೂ ಏನನ್ನೂ ತೂರಿಸದಿರಲೆಂದು ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿದ ದಾರವನ್ನು ಅದಕ್ಕೆ ಬಿಗಿಯಾಗಿ ಸುತ್ತಿದಳು. ದೃಷ್ಟಿಗೆ ಎಂದುಕೊಂಡ ಮಾವನಿಗೆ ಖುಷಿಯಾಯಿತು.

ಮಳೆ ಬಂತು. ಆಫೀಸು ಬಿಡುವ ಹೊತ್ತಿಗೆ ಟೆಕ್ ಪಾರ್ಕಿನ ಹಿಂದಿನ ರಸ್ತೆ ತುಂಬಿತ್ತು. ನಡುವೆ ಒಂದು ಬಿಳಿ ಕಾರು, ನೀರು ಬಾಗಿಲ ಹಿಡಿಕೆ ಮುಟ್ಟುತ್ತಿತ್ತು. ಸ್ಟಿಯರಿಂಗ್ ಹಿಂದೆ ಒಬ್ಬ ಯುವಕ, ಪಕ್ಕದ ಸೀಟಿನಲ್ಲಿ ಅವನ ಅಜ್ಜಿ. ಅಜ್ಜಿಗೆ ನಡೆಯಲಾಗುವುದಿಲ್ಲ ಎಂದು ಅವನು ಕಿಟಕಿಯಿಂದ ಕೂಗಿದ. ಶ್ರೀನಾಥ ಸೊಂಟಮಟ್ಟದ ನೀರಿನಲ್ಲಿ ಕಾರಿನತ್ತ ಹೋದ. ಸುಕನ್ಯ ಜೀಪನ್ನು ಮೊಣಕಾಲು ಮುಳುಗುವಷ್ಟು ನೀರಿಗಿಳಿಸಿ ನಿಲ್ಲಿಸಿದಳು. ಬೆಲ್ಟಿನ ಈ ತುದಿಯನ್ನು ಜೀಪಿಗೆ ಸಿಕ್ಕಿಸಲು ಮಾವ ಹಿಡಿದುಕೊಂಡರು.

ಜನ ಸೇರಿದರು. ಅರ್ಧ ಜನ ಫೋನ್ ಎತ್ತಿ ಹಿಡಿದಿದ್ದರು. "ಗುರು, ಆಂಟಿ ಡ್ರೈವರ್ರು!" ಎಂದೊಬ್ಬ ಸಿಳ್ಳೆ ಹಾಕಿದ. ಶ್ರೀನಾಥ ಕಾರಿನ ಕಡೆಯಿಂದ ಕೈ ಎತ್ತಿದ. ಮಾವ ಬಂಪರಿನಿಂದ ಹಿಂದೆ ಸರಿದು, "ಹೂಂ, ಎಳಿ" ಎಂದರು.

ಸುಕನ್ಯ ಗೇರ್ ಹಾಕಿದಳು. ಆಗ ಬಾಗಿಲಿಲ್ಲದ ಜೀಪಿನ ಪಕ್ಕದಲ್ಲಿ, ಕೆಸರುನೀರಿನ ಮೇಲೆ ಒಂದು ನಿಂಬೆಹಣ್ಣು ತೇಲುತ್ತ ಬಂತು. ಹಿಂದೆಯೇ ಎರಡು ಹಸಿಮೆಣಸಿನಕಾಯಿ.

ಕ್ಲಚ್ ಒತ್ತಿದ ಕಾಲನ್ನು ಅವಳು ಬಿಡಲಿಲ್ಲ. ಮುಂದೆ ನೋಡಿದಳು. ಎರಡು ಕೊಂಡಿಗಳಿಂದ ಹೊರಟು ಕವಲಾಗಿ ಕಾಣಬೇಕಿದ್ದ ಬೆಲ್ಟು ಬಂಪರಿನ ನಡುವಿಂದ ಒಂಟಿಯಾಗಿ ಹೊರಟು, ನೇರ ಆ ಅಜ್ಜಿಯ ಮುಖದ ಕಡೆಗೆ ಹೋಗಿತ್ತು. ಅಜ್ಜಿ ಇವಳನ್ನೇ ನೋಡುತ್ತಿದ್ದಳು. ಕೈ ಮುಗಿಯುತ್ತಿದ್ದಳು.

ಸುಕನ್ಯ ಇಂಜಿನ್ ಆಫ್ ಮಾಡಿದಳು.

"ಏನಾಯ್ತೇ!" ಎಂದು ಶ್ರೀನಾಥ ದೂರದಿಂದ ಅರಚಿದ. ಹಾರ್ನ್‌ಗಳು ಶುರುವಾದವು. "ಆಂಟಿಗೆ ರಿವರ್ಸ್ ಬರಲ್ಲ ಮಗಾ!" "ಇಳಿರೀ, ನಾನು ಎಳೀತೀನಿ!" ಅವಳು ಇಳಿದಳು, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ.

"ಮಾವ, ಬಳೆಗೆ ಯಾಕೆ ಕಟ್ಟಿದ್ರಿ?"

ಮುದುಕ ಬೇರೆ ಕಡೆ ನೋಡಿದರು. "ಬಗ್ಗೋಕಾಗ್ಲಿಲ್ಲ ಕಣಮ್ಮ" ಎಂದರು, ಅವಳಿಗಷ್ಟೇ ಕೇಳುವ ಹಾಗೆ. "ಸೊಂಟ ಹಿಡ್ಕೊಂಡ್ತು. ಕೊಂಡಿ ನೀರಿನ ಕೆಳಗೆ, ಇದು ಕೈಗೆ ಸಿಕ್ತು."

ಅವಳು ಬೆಲ್ಟು ಬಿಚ್ಚಿ, ಗಲ್ಲದವರೆಗೆ ನೀರಿಗೆ ಬಗ್ಗಿ, ಕೈಯಿಂದ ತಡವಿ ಎರಡೂ ಕೊಂಡಿಗಳನ್ನು ಹುಡುಕಿ ಸಿಕ್ಕಿಸಿದಳು. ಬೆಲ್ಟಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದಳು. ಕಿತ್ತುಹೋದರೆ ಹಾರದೆ ನೀರಿಗೆ ಬೀಳಲಿ ಎಂದು. ಅಷ್ಟರಲ್ಲಿ ಫೋನ್ ಹಿಡಿದ ಇಬ್ಬರು ಬೆಲ್ಟು ದಾಟಿ ಆಚೆ ಹೋಗಿ ನಿಂತಿದ್ದರು. ದೂರ ಹೋಗಿ ಎಂದಳು. ಒಬ್ಬನೂ ಕದಲಲಿಲ್ಲ.

ಆಗ ಮುನಿಆಂಜನಪ್ಪನವರು ಗದ್ದೆ ಬದುವಿನ ಮೇಲೆ ನಿಂತು ಕೂಗುವ ದನಿ ತೆಗೆದರು: "ಹಗ್ಗ ದಾಟ್ತೀಯೇನಲೇ ಬೇವರ್ಸಿ! ಕಟ್ಟಿದ ಹಗ್ಗ ದಾಟಬಾರ್ದು ಅಂತ ನಿಮ್ಮಪ್ಪ ಹೇಳ್ಕೊಡ್ಲಿಲ್ವಾ? ಈಚೆ ಬನ್ರೋ!" ಎಲ್ಲರೂ ಹಿಂದಕ್ಕೆ ಓಡಿದರು.

ಸುಕನ್ಯ ಮತ್ತೆ ಕೂತಳು. ಬೆಲ್ಟು ಬಿಗಿಯಿತು, ಹಿಗ್ಗಿತು, ನರಳಿತು. ಕಾರು ಒಮ್ಮೆ ಅಲುಗಾಡಿ, ನೀರನ್ನು ಸೀಳಿಕೊಂಡು ಮೆಲ್ಲಗೆ ಬಂತು. ದಡ ಸೇರಿದ ಮೇಲೆ ಅಜ್ಜಿ ಕಿಟಕಿಯಿಂದ ತಲೆ ಹಾಕಿ, "ಇಲ್ಲೆಲ್ಲಾದ್ರೂ ಟೀ ಸಿಗತ್ತೇನಮ್ಮ?" ಎಂದು ಕೇಳಿದಳು.

ಮರುದಿನ ಮುನಿಆಂಜನಪ್ಪನವರೇ ಸೊಸೆಯನ್ನು ಕರೆದುಕೊಂಡು ಅಂಬಣ್ಣನ ಗ್ಯಾರೇಜಿಗೆ ಬಂದರು. "ತೆಗಿಯೋ" ಎಂದರು. ಗ್ರೈಂಡರ್ ಹಚ್ಚುವ ಮುಂಚೆ ಅಂಬಣ್ಣ ಸುಮ್ಮನೆ ಸುತ್ತಿಗೆಯಿಂದ ಒಂದು ಏಟು ಹಾಕಿದ. ಇನ್ನೊಂದು ಹಾಕಿದ. ಬಳೆ ಠಣ್ಣೆಂದು ನೆಲಕ್ಕೆ ಬಿತ್ತು. ಅದರ ಬುಡಕ್ಕೆ ಬಂಪರಿನ ತಗಡಿನ ಒಂದು ಚೂರು ಅಂಟಿಕೊಂಡೇ ಬಂದಿತ್ತು, ಒಳಗೆಲ್ಲ ಕೆಂಪು ತುಕ್ಕು.

ಅಂಬಣ್ಣ ಸುತ್ತಿಗೆ ಕೆಳಗಿಟ್ಟ. ಮಾವ ಬಳೆಯನ್ನು ಎತ್ತಿ ಪಂಚೆಯಲ್ಲಿ ಒರೆಸಿ, ಆ ತಗಡಿನ ಚೂರನ್ನು ಎರಡು ಬೆರಳಲ್ಲಿ ಹಿಡಿದು ಮುರಿದರು. ಮುರಿಯಿತು.

"ಹಪ್ಪಳವೇ ಕಣಮ್ಮ" ಎಂದರು.

ಸುಕನ್ಯ ಗೋಡೆ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಕೂತಳು. ಹೋದ ವರ್ಷ ಇದೇ ಬಳೆಗೆ ಕಟ್ಟಿ ಅವಳೊಂದು ಸ್ಕೂಲ್ ವ್ಯಾನ್ ಎಳೆದಿದ್ದಳು. ಎಳೆಯುವಷ್ಟು ಹೊತ್ತೂ ಮಕ್ಕಳು ಮುಂದಿನ ಗಾಜಿಗೆ ಮೂಗು ಒತ್ತಿ, ಅವಳ ಕಡೆ ಕೈ ಬೀಸುತ್ತಿದ್ದರು.