ಒಂದು ಮೊಳ ಕನಕಾಂಬರ

ತುಮಕೂರಿನ ಚರ್ಚಿನಲ್ಲಿ ಹಾಡು ಕಲಿಸುತ್ತಿದ್ದ ಸುಗುಣಾ ಟೀಚರಿಗೆ ಸುಮ್ಮನೆ ಕೂತ ಹುಡುಗರನ್ನು ಕಂಡರೆ ಆಗುತ್ತಿರಲಿಲ್ಲ. "ದೇವ್ರಿಗೆ ಹಾಡಿದ್ದು ಸಾಕು, ಯಾರೂ ಇಲ್ಲದೋರ್ಗೆ ಹಾಡೋಣ ಬನ್ರೋ" ಎಂದು ಗದರಿಸಿ, ಕ್ರಿಸ್‌ಮಸ್ಸಿಗೆ ಎಲ್ಲರನ್ನೂ ಗುಬ್ಬಿಯ ವೃದ್ಧಾಶ್ರಮಕ್ಕೆ ಹೊರಡಿಸಿದರು. ಅಜ್ಜಿಯರಿಗೆಂದು ತಲಾ ಒಂದು ಮೊಳ ಕನಕಾಂಬರವನ್ನೂ ಕೊಂಡರು.

ಹಾಡು ಮುಗಿಸಿ ಮುಡಿಸಲು ಹೋದರೆ ಯಾವ ಅಜ್ಜಿಗೂ ಹೂವು ನಿಲ್ಲುವಷ್ಟು ಕೂದಲಿರಲಿಲ್ಲ, ಬುಡಮಟ್ಟ ಕತ್ತರಿಸಿದ್ದರು. ಶಿವರುದ್ರಮ್ಮನೆಂಬ ಅಜ್ಜಿ ತಲೆ ಸವರಿಕೊಂಡು, "ಬಾಚೋಕೆ ಜನ ಇಲ್ಲ ಕಣವ್ವ, ಅದ್ಕೇ ತೆಗ್ದುಬುಟ್ರು" ಎಂದು ಹೂವನ್ನು ಹಿಂದಕ್ಕೆ ಕೊಟ್ಟಳು.

ಟೀಚರಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. "ಇನ್ಮೇಲೆ ಕತ್ತರಿ ಹಾಕ್ಬೇಡಿ, ನಾವು ಬಂದು ಬಾಚ್ತೀವಿ" ಎಂದು ಆಶ್ರಮದವರಿಗೆ ಹೇಳಿಯೇ ಬಿಟ್ಟರು. ಅಂದಿನಿಂದ ಭಾನುವಾರದ ಆರಾಧನೆ ಮುಗಿದೊಡನೆ ಹುಡುಗಿಯರೊಂದಿಗೆ ಗುಬ್ಬಿ ಬಸ್ಸು ಹತ್ತುವರು. ಹಾಡುತ್ತಲೇ ಎಣ್ಣೆ ಹಚ್ಚಿ ಬಾಚುವರು. "ಈಗ ಹೂವ ನಿಲ್ತೈತೇನವ್ವ?" ಎಂದು ಶಿವರುದ್ರಮ್ಮ ವಾರವಾರವೂ ಕೇಳುವಳು. "ಇನ್ನೊಂದ್ ತಿಂಗ್ಳು ತಡ್ಕೊಳ್ಳಿ ಅಜ್ಜಿ" ಎನ್ನುವರು ಟೀಚರು.

ಆಗಸ್ಟಿನ ಒಂದು ಭಾನುವಾರ ಹೋದಾಗ ಶಿವರುದ್ರಮ್ಮನ ಹೆಣವನ್ನು ಲಿಂಗಾಯತರ ಪದ್ಧತಿಯಂತೆ ಗೋಡೆಗೊರಗಿಸಿ ಕೂರಿಸಿದ್ದರು. ಟೀಚರು ಎಂದಿನಂತೆ ಎಣ್ಣೆ ಹಚ್ಚಿ ಬಾಚಿದರು. ಚೋಟುದ್ದದ ಕೂದಲನ್ನು ಒಟ್ಟುಮಾಡಿ ಕಟ್ಟಿ, ಕನಕಾಂಬರ ಮುಡಿಸಿ ಕೈ ತೆಗೆದರು.

ಹೂವು ನಿಂತಿತು.